ಹಿಂದಿನ ಆಕ್ಸಲ್: ಇರೋದನ್ನೇ ಗಟ್ಟಿ ಮಾಡೋದಾ, ಬೇರೆಯದನ್ನು ತಂದು ಕೂರಿಸೋದಾ?

ಬಂಡೆ, ಕೆಸರಿನಲ್ಲಿ ಓಡಿಸುವ ಫೋರ್-ವೀಲ್ ಡ್ರೈವ್ ಗಾಡಿಗೆ ದೊಡ್ಡ ಟೈರ್ ಹಾಕಿದ ಮೇಲೆ ಎಲ್ಲರಿಗೂ ಬರುವ ಅನುಮಾನ ಇದು. ಹಿಂದಿನ ಎರಡು ಚಕ್ರಗಳನ್ನು ಹೊತ್ತು ತಿರುಗಿಸುವ ಆಕ್ಸಲ್ ತಡೆಯುತ್ತಾ? ತಡೆಯಲ್ಲ ಅಂದರೆ ಒಳಗಿನ ಶಾಫ್ಟ್ ಮಾತ್ರ ಬದಲಾಯಿಸಬೇಕಾ, ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಲಾಕರ್ ಹಾಕಬೇಕಾ, ಗೇರ್ ಅನುಪಾತ ಬದಲಿಸಬೇಕಾ, ಇಲ್ಲಾ ಬೇರೆ ಗಾಡಿಯ ಆಕ್ಸಲ್ಲನ್ನೇ ಕಿತ್ತು ತರಬೇಕಾ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರವರ ಗಾಡಿಗೆ ಅವರು ಹೇಳಿದ್ದು ಸರಿಯೇ ಇರುತ್ತದೆ, ನಿಮ್ಮ ಗಾಡಿಗೆ ಹೊಂದುತ್ತಾ ಅನ್ನೋದು ಬೇರೆ ಮಾತು.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಡೆಯದ ಆಕ್ಸಲ್ ಅಂತ ಯಾವುದೂ ಇಲ್ಲ. ಗೇರ್‌ಬಾಕ್ಸ್‌ನಿಂದ ಟೈರ್‌ವರೆಗೆ ಸಾಲಾಗಿ ಕೂತಿರುವ ಭಾಗಗಳಲ್ಲಿ ಯಾವುದೋ ಒಂದು ಉಳಿದವಕ್ಕಿಂತ ದುರ್ಬಲ ಇದ್ದೇ ಇರುತ್ತದೆ, ಅದನ್ನು ಗಟ್ಟಿ ಮಾಡಿದರೆ ಪೆಟ್ಟು ಪಕ್ಕದ್ದಕ್ಕೆ ಹೋಗುತ್ತದೆ. ಹಾಗಾಗಿ ಒಡೆಯೋದಾದರೆ ಯಾವುದು ಒಡೆಯಲಿ ಅಂತ ಮೊದಲು ತೀರ್ಮಾನ ಮಾಡಿ. ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್‌ನ ಯೂ-ಜಾಯಿಂಟ್ (ತುದಿಯ ಕೀಲು) ಒಡೆದರೆ ಗಾಡಿಯ ಕೆಳಗೆ ಮಲಗಿ, ಎರಡು ಸ್ಪ್ಯಾನರ್ ಮತ್ತು ಸುತ್ತಿಗೆ ಇಟ್ಟುಕೊಂಡು ಹೊಸದು ಹಾಕಬಹುದು. ಆಕ್ಸಲ್ ನಡುವಿನ ದೊಡ್ಡ ಗೇರಾದ ಕ್ರೌನಿನ ಹಲ್ಲು ಉದುರಿದರೆ ಗಾಡಿಯನ್ನು ಎಳೆದುಕೊಂಡೇ ಬರಬೇಕು. ಎರಡರಲ್ಲಿ ಯಾವುದು ಬೇಕು ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು, ಆದರೂ ದುಡ್ಡು ಹಾಕುವಾಗ ಮರೆತುಬಿಡುತ್ತಾರೆ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ನಾನು ನೋಡೋದು ಇಷ್ಟು: ಟೈರ್ ಎತ್ತರ, ಓಡಿಸುವ ನೆಲ, ಗಾಡಿ ದಿನಾ ರಸ್ತೆಗೆ ಇಳಿಯುತ್ತಾ, ಒಡೆದಾಗ ವಾಪಸ್ ಬರೋದು ಹೇಗೆ, ಮತ್ತೆ ಖರ್ಚು. ಖರ್ಚು ಅಂದರೆ ಬರೀ ಆಕ್ಸಲ್ಲಿನ ಬೆಲೆ ಹಿಡಿಯಬೇಡಿ, ಗಾಡಿ ಮತ್ತೆ ನೆಲದ ಮೇಲೆ ನಿಂತು ಓಡುವವರೆಗಿನ ಒಟ್ಟು ಮೊತ್ತ ಹಿಡಿಯಿರಿ.

ಟೈರ್ ಯಾಕೆ ಮೊದಲು ಅಂದರೆ, ಎತ್ತರ ಜಾಸ್ತಿ ಆದಷ್ಟೂ ಶಾಫ್ಟ್ ಮೇಲೆ ಬೀಳುವ ತಿರುಚು ಜಾಸ್ತಿ. ದೊಡ್ಡ ಟೈರ್ ತೂಕವೂ ಜಾಸ್ತಿ. ಗಾಳಿಯಲ್ಲಿ ಗಿರ್ರನೆ ಸುತ್ತುತ್ತಿದ್ದ ಭಾರದ ಟೈರ್ ಥಟ್ಟಂತ ಬಂಡೆಗೆ ಕಚ್ಚಿಕೊಂಡಾಗ ಆ ಹೊಡೆತ ಪೂರ್ತಿ ಶಾಫ್ಟ್‌ಗೆ, ಅಲ್ಲಿಂದ ಕ್ರೌನ್‌ಗೆ, ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್‌ಗೆ ಹೋಗುತ್ತದೆ. ಶಾಫ್ಟ್‌ಗಳು ಮುರಿಯೋದು ಹೆಚ್ಚಾಗಿ ಇಂಥ ಕ್ಷಣದಲ್ಲೇ, ನಿಧಾನಕ್ಕೆ ಏರುವಾಗ ಕಮ್ಮಿ. ಅಂದರೆ ಬಲಗಾಲು ಹಗುರ ಇರುವವರಿಗೆ ಸಣ್ಣ ಆಕ್ಸಲ್ಲೂ ತುಂಬ ವರ್ಷ ಬಾಳುತ್ತದೆ. ಆಕ್ಸಿಲರೇಟರ್ ಒತ್ತಿ ಹಿಡಿದು "ಹತ್ತಲಿ ನೋಡೋಣ" ಅನ್ನೋರಿಗೆ ಯಾವುದೂ ಸಾಲದು.

ನೆಲವೂ ಅಷ್ಟೇ ಮುಖ್ಯ. ಕೆಸರು, ಮರಳಿನಲ್ಲಿ ಟೈರ್ ಜಾರಿಬಿಡುತ್ತದೆ, ಹೊಡೆತ ಕಮ್ಮಿ. ಬಂಡೆ ಮೇಲೆ ಹಿಡಿತ ಗಟ್ಟಿ, ಟೈರ್ ಜಾರಲ್ಲ, ಬೇರೆ ಏನಾದರೂ ಸೋಲಬೇಕು.

ಇನ್ನೊಂದು ಲೆಕ್ಕ. ಮೊದಲ ಗೇರ್ 4.0, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಲೋ ಗೇರ್ 2.72, ಆಕ್ಸಲ್ 4.10 ಅಂತಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 44.6. ಎಂಜಿನ್ನು 250 ನ್ಯೂಟನ್ ಮೀಟರ್ ಕೊಟ್ಟರೆ ಚಕ್ರಗಳ ಹತ್ತಿರ ಅದು 11,000ಕ್ಕೂ ಮೇಲೆ. ಮುಂದಿನ ಎರಡೂ ಟೈರ್ ಹಿಡಿತ ಬಿಟ್ಟಾಗ ಇದರ ಹೆಚ್ಚಿನ ಪಾಲು ಹಿಂದಕ್ಕೆ ಬರುತ್ತದೆ, ಲಾಕರ್ ಇದ್ದು ಹಿಂದಿನ ಒಂದು ಟೈರ್ ಮಾತ್ರ ನೆಲ ಕಚ್ಚಿದ್ದರೆ ಅಷ್ಟೂ ಒಂದೇ ಶಾಫ್ಟ್ ಮೇಲೆ ಕೂರುತ್ತದೆ.

ನಿಮ್ಮ ಹತ್ತಿರ ಈಗ ಏನಿದೆ?

ಇದು ಗೊತ್ತಿಲ್ಲದೆ ಪಾರ್ಟ್ಸ್ ಆರ್ಡರ್ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಡಿಫ್ (ಡಿಫರೆನ್ಷಿಯಲ್, ಅಂದರೆ ಆಕ್ಸಲ್ ನಡುವೆ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳ ಜೋಡಣೆ) ಕವರಿನ ಬೋಲ್ಟ್ ಕೆಳಗೆ ಸಣ್ಣ ತಗಡಿನ ಚೀಟಿ ಇದ್ದರೆ ಅದರ ಮೇಲೆ ಅನುಪಾತ ಇರುತ್ತದೆ. ಉದುರಿ ಹೋಗಿದ್ದರೆ ಸುಲಭದ ದಾರಿ ಇದೆ. ಮುಂದಿನ ಚಕ್ರಗಳಿಗೆ ಗಟ್ಟಿಯಾಗಿ ಅಡ್ಡ ಕೊಡಿ, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನಿಂತೇ ಇರುವುದರಿಂದ ಎರಡು). ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. ಮೂರು ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಬಂದರೆ 3.73, ನಾಲ್ಕು ದಾಟಿ ಚೂರು ಜಾಸ್ತಿ ಬಂದರೆ 4.10. ಇದು ಲಾಕರ್ ಇಲ್ಲದ ಓಪನ್ ಡಿಫ್‌ಗೆ ಮಾತ್ರ.

ಆಮೇಲೆ ಕ್ರೌನಿನ ವ್ಯಾಸ, ಶಾಫ್ಟ್‌ನ ಸ್ಪ್ಲೈನ್ (ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲು) ಎಣಿಕೆ, ಶಾಫ್ಟನ್ನು ಒಳಗಡೆ ಸಿ-ಕ್ಲಿಪ್ ಹಿಡಿದಿದೆಯಾ ಅಥವಾ ಹೊರಗಡೆ ಬೇರಿಂಗ್ ಪ್ಲೇಟ್ ಹಿಡಿದಿದೆಯಾ ಅಂತ ತಿಳಿದುಕೊಳ್ಳಿ. ಸಿ-ಕ್ಲಿಪ್ ವಿಷಯ ಸುಮ್ನೆ ಹೇಳ್ತಿಲ್ಲ. ಹಾಗಿರುವ ಆಕ್ಸಲ್‌ನಲ್ಲಿ ಚಕ್ರ ಜಾಗದಲ್ಲಿ ನಿಂತಿರೋದೇ ಡಿಫ್ ಒಳಗಿರುವ ಆ ಪುಟ್ಟ ಕಬ್ಬಿಣದ ಬಿಲ್ಲೆಯಿಂದ. ಶಾಫ್ಟ್ ನಡುವೆ ತುಂಡಾದರೆ ಹೊರಗಿನ ತುಂಡು, ಬ್ರೇಕ್ ಡ್ರಮ್ಮು, ಚಕ್ರ ಎಲ್ಲ ಸೇರಿ ಆಕ್ಸಲ್ಲಿನ ಟ್ಯೂಬಿನಿಂದ ಆಚೆಗೆ ಜಾರಿಕೊಂಡು ಬರುತ್ತದೆ.

ಏನೂ ಬದಲಾಯಿಸದೆ ಇರೋದೂ ಒಂದು ಆಯ್ಕೆ

ಮೂಲ ಅಳತೆಯ ಟೈರ್, ಅಥವಾ ಅದಕ್ಕಿಂತ ಒಂದೆರಡು ಇಂಚು ದೊಡ್ಡದು, ವಾರಾಂತ್ಯಕ್ಕೆ ಮಣ್ಣಿನ ದಾರಿ ಇಷ್ಟೇ ಆದರೆ ಆಕ್ಸಲ್ ಮುಟ್ಟಬೇಡಿ. ಆಯಿಲ್ ಬದಲಾಯಿಸಿ, ಯೂ-ಬೋಲ್ಟ್ ಬಿಗಿ ನೋಡಿ, ಬ್ರೀದರ್ ಪೈಪನ್ನು ಉದ್ದ ಮಾಡಿ ಚಾಸಿಯ ಮೇಲ್ಗಡೆ ಕಟ್ಟಿ. ಈ ಬ್ರೀದರ್ ಕೆಲಸಕ್ಕೆ ಖರ್ಚು ಏನೂ ಇಲ್ಲ ಅನ್ನಬಹುದು, ಲಾಭ ದೊಡ್ಡದು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಎಲ್ಲಿಂದಲಾದರೂ ಉಸಿರು ಎಳೆಯುತ್ತದೆ. ಬ್ರೀದರ್ ನೀರೊಳಗೆ ಮುಳುಗಿದ್ದರೆ ಅಥವಾ ಮಣ್ಣು ಕಟ್ಟಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಬಿಳಚಿಕೊಂಡು ಬೇರಿಂಗ್ ಹಾಳಾದ ಮೇಲೆ "ಈ ಆಕ್ಸಲ್ಲೇ ಸರಿ ಇಲ್ಲ" ಅಂತ ಬಯ್ಯೋದರಲ್ಲಿ ಅರ್ಥ ಇಲ್ಲ.

ಲಾಕರ್: ಇಲ್ಲೇ ಎಲ್ಲರ ತಲೆ ಕೆಡೋದು

ಓಪನ್ ಡಿಫ್ ಎರಡೂ ಚಕ್ರಕ್ಕೆ ಸಮನಾದ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದಕ್ಕೆ ಬೇಕಾದ ಬಲ ಸೊನ್ನೆಯ ಹತ್ತಿರ, ಹಾಗಾಗಿ ನೆಲದಲ್ಲಿರೋದಕ್ಕೂ ಸೊನ್ನೆಯೇ. ಲಾಕರ್ ಎರಡೂ ಶಾಫ್ಟನ್ನು ಒಟ್ಟಿಗೆ ಬಿಗಿದು ಈ ತೊಂದರೆ ತೆಗೆಯುತ್ತದೆ, ಜೊತೆಗೆ ಇಡೀ ಆಕ್ಸಲ್ಲಿನ ಹೊರೆಯನ್ನು ಒಂದೇ ಶಾಫ್ಟ್ ಮೇಲೆ ಹಾಕುವ ದಾರಿಯನ್ನೂ ತೆರೆಯುತ್ತದೆ. ಓಪನ್ ಡಿಫ್‌ನಲ್ಲಿ ಹತ್ತು ವರ್ಷ ಬಾಳಿದ ಶಾಫ್ಟ್ ಲಾಕರ್ ಹಾಕಿದ ಮೇಲೆ ಬೇಗ ಹೋಗೋದು ಇದರಿಂದಲೇ. ಲಾಕರ್ ತೀರ್ಮಾನ ಮತ್ತು ಶಾಫ್ಟ್ ತೀರ್ಮಾನ ಬೇರೆ ಬೇರೆ ಅಂದುಕೊಳ್ಳಬೇಡಿ.

ಎಲ್ಲಕ್ಕಿಂತ ಅಗ್ಗದ ದಾರಿ ಡಿಫ್ ಒಳಗಿನ ಸಣ್ಣ ಸ್ಪೈಡರ್ ಗೇರುಗಳನ್ನು ವೆಲ್ಡ್ ಮಾಡಿಬಿಡೋದು, ಇಲ್ಲಾ ಅವುಗಳ ಬದಲು ಸ್ಪೂಲ್ ಅನ್ನುವ ಗಟ್ಟಿ ತುಂಡು ಹಾಕೋದು. ಎರಡೂ ಚಕ್ರ ಯಾವಾಗಲೂ ಒಟ್ಟಿಗೇ ಸುತ್ತುತ್ತವೆ. ಟ್ರೇಲರ್ ಮೇಲೆ ಹೋಗಿ ಟ್ರೇಲರ್ ಮೇಲೆ ಬರುವ ಗಾಡಿಗೆ ಸರಿ. ರಸ್ತೆಯಲ್ಲಿ ಪ್ರತಿ ತಿರುವಿನಲ್ಲೂ ಒಂದು ಟೈರ್ ಉಜ್ಜಿಕೊಂಡೇ ಹೋಗಬೇಕು, ಶಾಫ್ಟ್‌ಗಳು ಸದಾ ತಿರುಚಿಕೊಂಡೇ ಇರುತ್ತವೆ. ದಿನಾ ಓಡಿಸುವ ಗಾಡಿಗೆ ನಾನು ಬೇಡ ಅನ್ನುತ್ತೇನೆ.

ಲಂಚ್‌ಬಾಕ್ಸ್ ಲಾಕರ್ ಅನ್ನೋದು ಸ್ವಲ್ಪ ಜಾಣ ಆಯ್ಕೆ. ಕ್ರೌನ್ ಕೂರುವ ಮೂಲ ಕ್ಯಾರಿಯರ್ ಹಾಗೇ ಇಟ್ಟು ಒಳಗಿನ ಸ್ಪೈಡರ್ ಗೇರಿನ ಜಾಗಕ್ಕೆ ಇದನ್ನು ಕೂರಿಸುತ್ತಾರೆ. ಕ್ರೌನ್-ಪಿನಿಯನ್ ಹೊಂದಾಣಿಕೆ ಮುಟ್ಟಬೇಕಾಗಿಲ್ಲ, ಅದೇ ದೊಡ್ಡ ಉಳಿತಾಯ. ಕೈ ಪಳಗಿದವರು ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಆದರೆ ಇದು ಆಟೊಮ್ಯಾಟಿಕ್ ಜಾತಿ. ಗ್ಯಾಸ್ (ಆಕ್ಸಿಲರೇಟರ್) ಕೊಟ್ಟಾಗ ಲಾಕ್, ಬಿಟ್ಟು ತಿರುಗಿದಾಗ ಟಕ್ ಟಕ್ ಸದ್ದು ಮಾಡಿಕೊಂಡು ಬಿಡುತ್ತದೆ. ಕ್ಯಾರಿಯರ್ ಹಳೆಯದೇ ಆದ್ದರಿಂದ ಅದರ ಬಲ ಎಷ್ಟೋ ಅಷ್ಟೇ.

ಡೆಟ್ರಾಯಿಟ್ ಲಾಕರ್ ಕೂಡ ಆಟೊಮ್ಯಾಟಿಕ್ಕೇ, ಆದರೆ ಕ್ಯಾರಿಯರ್ ಸಮೇತ ಬರುತ್ತದೆ, ತುಂಬ ಗಟ್ಟಿ. ತಂತಿ, ಗಾಳಿ ಪೈಪು, ಸ್ವಿಚ್ಚು ಯಾವುದೂ ಇಲ್ಲ, ಅಂದರೆ ಕೆಡೋಕೆ ಏನೂ ಇಲ್ಲ. ತೊಂದರೆ ಇರೋದು ರಸ್ತೆಯಲ್ಲಿ, ಅದರಲ್ಲೂ ಒದ್ದೆ ರಸ್ತೆಯಲ್ಲಿ. ತಿರುವಿನ ನಡುವೆ ಗ್ಯಾಸ್ ಕೊಟ್ಟರೆ ಎರಡೂ ಹಿಂದಿನ ಟೈರ್ ಒಟ್ಟಿಗೆ ಹಿಡಿತ ಬಿಟ್ಟು ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ವೀಲ್‌ಬೇಸ್ ಚಿಕ್ಕದಿದ್ದಷ್ಟೂ ಇದು ಜೋರು. ಇಳಿಜಾರಿನಲ್ಲಿ ಅಡ್ಡ ಹೋಗುವಾಗಲೂ ಹೀಗೇ: ಓಪನ್ ಡಿಫ್‌ನಲ್ಲಿ ಒಂದು ಟೈರ್ ಸುತ್ತಿದರೂ ಇನ್ನೊಂದು ನೆಲ ಹಿಡಿದು ಗಾಡಿಯನ್ನು ನಿಲ್ಲಿಸುತ್ತದೆ, ಲಾಕ್ ಆಗಿದ್ದರೆ ಎರಡೂ ಸುತ್ತಿ ಹಿಂಭಾಗ ಕೆಳಗೆ ಜಾರುತ್ತದೆ.

ಬೇಕಾದಾಗ ಮಾತ್ರ ಲಾಕ್ ಆಗುವುದು ಏರ್ ಲಾಕರ್ ಮತ್ತು ಎಲೆಕ್ಟ್ರಿಕ್ ಲಾಕರ್. ಎಆರ್‌ಬಿಯ ಏರ್ ಲಾಕರ್ ಗಾಳಿಯಿಂದ, ಈಟನ್‌ನ ಇ-ಲಾಕರ್ ವಿದ್ಯುತ್ತಿನಿಂದ ಕೆಲಸ ಮಾಡುತ್ತವೆ. ಸ್ವಿಚ್ ಒತ್ತದೇ ಇರುವಾಗ ಓಪನ್ ಡಿಫ್, ಒತ್ತಿದರೆ ಪೂರ್ತಿ ಲಾಕ್. ದುಡ್ಡು ಜಾಸ್ತಿ, ಕೆಲಸವೂ ಜಾಸ್ತಿ, ಕ್ರೌನ್ ಬಿಚ್ಚಿ ಮತ್ತೆ ಹೊಂದಿಸಲೇಬೇಕು. ಏರ್ ಲಾಕರ್ ಆದರೆ ಕಂಪ್ರೆಸರ್ ಬೇಕು, ಅದೇ ಕಂಪ್ರೆಸರಿನಿಂದ ಟೈರಿಗೂ ಗಾಳಿ ಹೊಡೆಯಬಹುದು ಅನ್ನೋದು ಸಣ್ಣ ಸಮಾಧಾನ. ಗಾಳಿ ಪೈಪು ಎಕ್ಸಾಸ್ಟಿಗೆ ತಾಗಿ ಕರಗೋದು, ಒಳಗಿನ ಓ-ರಿಂಗ್ ಸೋರೋದು ಇದರ ಹಳೇ ಕಾಯಿಲೆ. ಇ-ಲಾಕರಿಗೆ ಆ ತಲೆನೋವಿಲ್ಲ. ಆದರೆ ಲಾಕ್ ಕೂರೋಕೆ ಚಕ್ರ ಚೂರು ಸುತ್ತಬೇಕಾಗುತ್ತದೆ, ಮತ್ತೆ ಆಕ್ಸಲ್ ಮೇಲಿನ ತಂತಿಯನ್ನು ಕೊಂಬೆ ಕಿತ್ತುಕೊಂಡು ಹೋಗದ ಹಾಗೆ ಎಳೆಯಬೇಕು. ಒಂದೇ ಗಾಡಿಯಲ್ಲಿ ಕೆಲಸಕ್ಕೂ ಹೋಗಬೇಕು, ಬಂಡೆಯನ್ನೂ ಹತ್ತಬೇಕು ಅನ್ನುವವರು ಕಾಯ್ದು ದುಡ್ಡು ಕೂಡಿಸಿ ಇದನ್ನೇ ಹಾಕಿಸಿಕೊಳ್ಳೋದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪೂರ್ತಿ ಲಾಕ್ ಆಗದೆ, ಜಾರುವ ಚಕ್ರವನ್ನು ಸ್ವಲ್ಪ ಮಟ್ಟಿಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫ್ ಬಗ್ಗೆ ಎರಡು ಮಾತು. ಕ್ಲಚ್ ಪ್ಲೇಟ್ ಇರುವುದು ಸವೆಯುತ್ತದೆ, ಅದಕ್ಕೆ ಆಯಿಲ್ ಜೊತೆ ಬೇರೆ ಅಡಿಟಿವ್ ಬೇಕು. ಟ್ರೂಟ್ರ್ಯಾಕ್ ಥರದ ಗೇರ್ ಮಾದರಿಯಲ್ಲಿ ಸವೆಯೋ ಪ್ಲೇಟ್ ಇಲ್ಲ, ರಸ್ತೆಯಲ್ಲಿ ಇದೆ ಅಂತಲೇ ಗೊತ್ತಾಗಲ್ಲ, ಕೆಸರು-ಜಲ್ಲಿಗೆ ಬಹಳ ಚೆನ್ನ. ಒಂದು ಚಕ್ರ ಪೂರ್ತಿ ಗಾಳಿಗೆ ಎದ್ದರೆ ಮಾತ್ರ ಕೈ ಎತ್ತಿಬಿಡುತ್ತದೆ. ಆಗ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಗ್ಯಾಸ್ ಕೊಟ್ಟರೆ ಸ್ವಲ್ಪ ಕೆಲಸ ಮಾಡುತ್ತದೆ. ಹೊಸ ಗಾಡಿಗಳಲ್ಲಿ ಬ್ರೇಕ್ ಮೂಲಕ ಕೆಲಸ ಮಾಡುವ ಟ್ರ್ಯಾಕ್ಷನ್ ಕಂಟ್ರೋಲ್ ಹೆಚ್ಚಾಗಿ ಇರುತ್ತದೆ, ಇದ್ದರೆ ಅದನ್ನು ಸರಿಯಾಗಿ ಬಳಸಿ ನೋಡಿದ ಮೇಲೆ ಲಾಕರ್ ಬೇಕಾ ಅಂತ ಯೋಚಿಸಿ.

ಗೇರ್ ಅನುಪಾತ

ಟೈರ್ ದೊಡ್ಡದಾದರೆ ಗಾಡಿ ಎಳೆಯಲ್ಲ, ಐದನೇ ಗೇರ್ ಬಳಕೆಗೇ ಬರಲ್ಲ, ಆಟೊಮ್ಯಾಟಿಕ್ ಆದರೆ ಗೇರ್ ಮೇಲೆ ಕೆಳಗೆ ಹುಡುಕುತ್ತಲೇ ಇರುತ್ತದೆ. ಲೆಕ್ಕ ಸುಲಭ: ಹಳೇ ಅನುಪಾತವನ್ನು ಹೊಸ ಟೈರ್ ಎತ್ತರದಿಂದ ಗುಣಿಸಿ, ಹಳೇ ಟೈರ್ ಎತ್ತರದಿಂದ ಭಾಗಿಸಿ. 3.73 ಇದ್ದು 29 ಇಂಚಿಂದ 33 ಇಂಚಿಗೆ ಹೋದರೆ 4.24 ಬರುತ್ತದೆ. ಆ ಸಂಖ್ಯೆಯ ಗೇರ್ ಸಿಗಲ್ಲ, 4.10 ಅಥವಾ 4.56 ತೆಗೆದುಕೊಳ್ಳಬೇಕು. ಹೆದ್ದಾರಿ ಓಟ ಜಾಸ್ತಿ ಇದ್ದರೆ 4.10. ದೊಡ್ಡ ಟೈರಿನ ತೂಕ, ಗಾಡಿ ಮೇಲೆ ಹೇರಿದ ಸಾಮಾನು, ವಿಂಚು, ಬಂಪರು ಎಲ್ಲ ಲೆಕ್ಕ ಹಾಕಿದರೆ ಹೆಚ್ಚಿನವರಿಗೆ 4.56 ಸರಿ ಹೋಗುತ್ತದೆ. 35 ಇಂಚಿಗೆ ಇದೇ ಲೆಕ್ಕ 4.50, ಅಂದರೆ 4.56 ಕಣ್ಣು ಮುಚ್ಚಿ.

ಆದರೆ ಮೂರು ವಿಷಯ ಮರೆಯಬೇಡಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿಗೂ ಅದೇ ಅನುಪಾತ ಹಾಕಲೇಬೇಕು, ಅಂದರೆ ಖರ್ಚು ಎರಡರಷ್ಟು. ಅನುಪಾತ ಏರಿದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಒಟ್ಟಿಗೆ ಕಚ್ಚುವ ಹಲ್ಲು ಕಮ್ಮಿಯಾಗುತ್ತವೆ, ಹಾಗಾಗಿ ಸಣ್ಣ ಕ್ರೌನಿನಲ್ಲಿ ತೀರಾ ದೊಡ್ಡ ಅನುಪಾತ ಹಾಕಿದರೆ ನೀವೇ ದುರ್ಬಲ ಭಾಗ ಸೃಷ್ಟಿ ಮಾಡಿದಂತೆ. ಕೆಲವು ಆಕ್ಸಲ್‌ಗಳಲ್ಲಿ ಒಂದು ಮಿತಿ ದಾಟಿದರೆ ಕ್ಯಾರಿಯರ್ ಕೂಡ ಬೇರೆ ಬೇಕು. ಟಿಜೆ ಅನ್ನುವ ರಾಂಗ್ಲರ್ ಮಾದರಿಯ ಕಾಲದ ಜೀಪುಗಳ ಡಾನಾ 44 ಆಕ್ಸಲ್ಲಿನಲ್ಲಿ 3.73 ಮತ್ತು ಅದರ ಕೆಳಗಿನವಕ್ಕೆ ಒಂದು ಕ್ಯಾರಿಯರ್, 3.92 ಮತ್ತು ಮೇಲಿನವಕ್ಕೆ ಇನ್ನೊಂದು. ಲಾಕರನ್ನು ಮೊದಲು ಕೊಂಡು ಗೇರನ್ನು ಆಮೇಲೆ ಕೊಂಡರೆ ಇಲ್ಲೇ ಸಿಕ್ಕಿಬೀಳೋದು.

ಶಾಫ್ಟ್ ಮತ್ತು ಹೌಸಿಂಗ್ ಗಟ್ಟಿ ಮಾಡೋದು

ಶಾಫ್ಟ್‌ನ ತಿರುಚು ತಡೆಯುವ ಬಲ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಸ್ಪ್ಲೈನ್ ಶಾಫ್ಟ್ ಸುಮಾರು 1.31 ಇಂಚು, 35 ಸ್ಪ್ಲೈನ್ 1.5 ಇಂಚು. ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಏನೂ ಅನ್ನಿಸಲ್ಲ. ಆದರೆ ಒಂದೇ ಲೋಹದ್ದಾದರೆ ಬಲ ಒಂದೂವರೆ ಪಟ್ಟು. ವ್ಯಾಸ ಹೆಚ್ಚಿಸಲು ಜಾಗ ಇಲ್ಲದ ಕಡೆ 4340 ಕ್ರೋಮೋಲಿ ಅನ್ನುವ ಮಿಶ್ರ ಉಕ್ಕಿನ ಶಾಫ್ಟ್ ಹಾಕುತ್ತಾರೆ. ಅದು ಮೂಲ ಶಾಫ್ಟ್‌ಗಿಂತ ಗಟ್ಟಿ, ಒಮ್ಮೆ ತಿರುಚಿ ಮತ್ತೆ ನೆಟ್ಟಗಾಗುವ ಗುಣವೂ ಜಾಸ್ತಿ.

ಶಾಫ್ಟ್ ಗಟ್ಟಿಯಾದ ಮೇಲೆ ಪೆಟ್ಟು ಹೋಗೋದು ಕ್ರೌನ್‌ಗೆ, ಹೌಸಿಂಗ್‌ಗೆ (ಆಕ್ಸಲ್ಲಿನ ಹೊರಕವಚ). ಗಾಡಿ ಎಗರಿ ಬಿದ್ದಾಗ ಟ್ಯೂಬ್ ಬಾಗುತ್ತದೆ, ಅದಕ್ಕೆ ಮೇಲೆ ಟ್ರಸ್ ಅನ್ನುವ ಕಬ್ಬಿಣದ ಆಸರೆ ವೆಲ್ಡ್ ಮಾಡಿಸುತ್ತಾರೆ. ಇಲ್ಲಿ ಒಂದು ಎಚ್ಚರ: ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಬಿಸಿಗೆ ಹೌಸಿಂಗ್ ತಾನೇ ಬಾಗುತ್ತದೆ. ಸಣ್ಣ ಸಣ್ಣ ತುಂಡಾಗಿ, ಜಾಗ ಬದಲಿಸುತ್ತಾ, ಆರಲು ಬಿಟ್ಟು ಮಾಡುವ ಕೈ ಬೇಕು. ನಡುವಿನ ಎರಕದ ಭಾಗಕ್ಕೆ ವೆಲ್ಡ್ ಮಾಡೋದಾದರೆ ಮೊದಲೇ ಕಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಫುಲ್ ಫ್ಲೋಟ್ ಕಿಟ್ ಬಗ್ಗೆಯೂ ಕೇಳುತ್ತಾರೆ. ಸೆಮಿ ಫ್ಲೋಟ್ ಆಕ್ಸಲ್‌ನಲ್ಲಿ ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ, ಚಕ್ರವನ್ನೂ ತಿರುಗಿಸುತ್ತದೆ. ಫುಲ್ ಫ್ಲೋಟಲ್ಲಿ ಭಾರ ಹಬ್ ಮತ್ತು ಸ್ಪಿಂಡಲ್ ಮೇಲೆ, ಶಾಫ್ಟ್‌ಗೆ ತಿರುಗಿಸೋ ಕೆಲಸ ಮಾತ್ರ. ಮುರಿದರೆ ಬೋಲ್ಟ್ ಬಿಚ್ಚಿ ತುಂಡುಗಳನ್ನು ಹೊರಗೆ ಎಳೆದು, ಮುಂದಿನ ಚಕ್ರಗಳ ಎಳೆತದಲ್ಲಿ ನಿಧಾನವಾಗಿ ಮನೆಗೆ ಬರಬಹುದು. ಜನವಸತಿಯಿಂದ ದೂರ, ಒಂಟಿಯಾಗಿ ಹೋಗುವವರಿಗೆ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ. ಕಿಟ್ಟಿನ ಬೆಲೆ ಕೇಳಿದರೆ ಮಾತ್ರ, ಹುಟ್ಟಿನಿಂದಲೇ ಫುಲ್ ಫ್ಲೋಟ್ ಇರುವ ಆಕ್ಸಲ್ ಹುಡುಕೋಣ ಅನ್ನಿಸುತ್ತದೆ.

ಈಗ ಮುಖ್ಯ ಮಾತು. ಜೀಪ್ ಚೆರೋಕಿ, ರಾಂಗ್ಲರ್‌ಗಳಲ್ಲಿ ಬಂದ ಡಾನಾ 35 ತೆಗೆದುಕೊಳ್ಳಿ. ಕ್ರೌನ್ ಏಳೂವರೆ ಇಂಚಿನ ಆಸುಪಾಸು, ಶಾಫ್ಟ್ 27 ಸ್ಪ್ಲೈನ್, ಬಹುಪಾಲು ಸಿ-ಕ್ಲಿಪ್. ಇದಕ್ಕೆ ದಪ್ಪ ಶಾಫ್ಟಿನ ಕಿಟ್ ಸಿಗುತ್ತದೆ, ಲಾಕರ್ ಸಿಗುತ್ತದೆ, ಟ್ರಸ್ ಸಿಗುತ್ತದೆ. ಎಲ್ಲ ಹಾಕಿದ ಮೇಲೂ ಕ್ರೌನ್ ಏಳೂವರೆ ಇಂಚೇ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ. 31 ಇಂಚಿನ ಟೈರ್, ಹಗುರ ಕಾಲು ಆದರೆ ಇದಕ್ಕೆ ಲಂಚ್‌ಬಾಕ್ಸ್ ಲಾಕರ್ ಹಾಕಿ ಸುಮ್ನಿರಿ. 33 ದಾಟುವ ಯೋಚನೆ ಇದ್ದರೆ ಒಂದು ಕಾಸೂ ಇದರ ಮೇಲೆ ಹಾಕಬೇಡಿ, ಆ ದುಡ್ಡು ಎತ್ತಿಡಿ. ಅದೇ ನಿಮ್ಮ ಗಾಡಿಯಲ್ಲಿ ಈಗಾಗಲೇ ಡಾನಾ 44 ಅಥವಾ ಟೊಯೋಟಾದ 8 ಇಂಚು ಇದ್ದರೆ ಇದರ ಉಲ್ಟಾ ಮಾತು. ಒಳಗಡೆ ಒಳ್ಳೆಯ ಶಾಫ್ಟು, ಲಾಕರು ಹಾಕಿ 35ರವರೆಗೂ ಅದನ್ನೇ ಓಡಿಸಬಹುದು, ಸ್ವಾಪ್ (ಪೂರ್ತಿ ಆಕ್ಸಲ್ ಬದಲಾವಣೆ) ಬೇಕಿಲ್ಲ.

ಪೂರ್ತಿ ಆಕ್ಸಲ್ ಬದಲಾಯಿಸೋದಾದರೆ

ಫೋರ್ಡ್ 8.8. ಹೆಸರೇ ಹೇಳುವ ಹಾಗೆ 8.8 ಇಂಚಿನ ಕ್ರೌನ್. 1995ರಿಂದ 2001ರ ಎಕ್ಸ್‌ಪ್ಲೋರರ್‌ನದ್ದಕ್ಕೆ ಯಾಕಿಷ್ಟು ಬೇಡಿಕೆ ಅಂದರೆ 31 ಸ್ಪ್ಲೈನ್ ಶಾಫ್ಟ್, ಮೂಲದಲ್ಲೇ ಡಿಸ್ಕ್ ಬ್ರೇಕ್, ಚಕ್ರದ ಬೋಲ್ಟ್ 5 ಗುಣಿಲೆ 114.3 ಮಿಲಿಮೀಟರ್, ಅದೇ ಹಳೇ ಚೆರೋಕಿ ಮತ್ತು ಟಿಜೆ ರಾಂಗ್ಲರಿನದ್ದು. ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಕೊರತೆಗಳೂ ಇವೆ. ಪಿನಿಯನ್ ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಟ್ಯೂಬುಗಳನ್ನು ಎರಕದ ಭಾಗಕ್ಕೆ ಒತ್ತಿ ಕೂರಿಸಿದ್ದಾರೆ, ಜೋರು ಬಳಕೆಯಲ್ಲಿ ತಿರುಗಿಬಿಡಬಹುದು, ಅದಕ್ಕೇ ಸುತ್ತ ವೆಲ್ಡ್ ಹಾಕಿಸುತ್ತಾರೆ. ಇದೂ ಸಿ-ಕ್ಲಿಪ್ಪೇ. ಆದರೂ 33-35 ಇಂಚಿನ ಟೈರಿಗೆ, ಕೈಯಲ್ಲಿ ದುಡ್ಡು ಕಮ್ಮಿ ಇರುವವರಿಗೆ ಇದನ್ನು ಮೀರಿಸೋದು ಕಷ್ಟ.

ಡಾನಾ 44. ಟಿಜೆಯಲ್ಲಿ ಬಂದದ್ದು 8.5 ಇಂಚಿನ ಕ್ರೌನ್, 30 ಸ್ಪ್ಲೈನ್. ಬಲದಲ್ಲಿ 8.8ಕ್ಕಿಂತ ದೊಡ್ಡದೇನೂ ಅಲ್ಲ, ಆದರೆ ಅದೇ ಮಾದರಿಯ ಗಾಡಿಯದ್ದು ಸಿಕ್ಕರೆ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕೋ ಕೆಲಸ, ವೆಲ್ಡಿಂಗ್ ಇಲ್ಲ. ಬಿಡಿಭಾಗ ಎಲ್ಲ ಥರದ್ದೂ ಸಿಗುತ್ತವೆ. ಹೆಸರು ನೋಡಿ ಮಾತ್ರ ಮೋಸ ಹೋಗಬೇಡಿ. ಗ್ರ್ಯಾಂಡ್ ಚೆರೋಕಿಯಲ್ಲಿ ಬಂದ, ನಡುಭಾಗ ಅಲ್ಯೂಮಿನಿಯಂ ಇರುವ 44 ಬೇರೆಯೇ ಜಾತಿ, ಅದಕ್ಕೆ ಮಾಮೂಲಿ 44ರ ಭಾಗ ಹೊಂದಲ್ಲ.

ಟೊಯೋಟಾ 8 ಇಂಚು, ಮತ್ತು ಫೋರ್ಡ್ 9 ಇಂಚು. ಇವೆರಡನ್ನೂ ಒಟ್ಟಿಗೆ ಹೇಳಲು ಕಾರಣ ಇದೆ. ಎರಡರಲ್ಲೂ ಡಿಫ್ ಪೂರ್ತಿಯಾಗಿ ಮುಂದಿನಿಂದ ಹೊರಗೆ ಬರುತ್ತದೆ. ಹೊಂದಿಸಿಟ್ಟ ಇನ್ನೊಂದು ಡಿಫ್ ಗಾಡಿಯಲ್ಲಿದ್ದರೆ ಕ್ರೌನ್ ಒಡೆದರೂ ಕ್ಯಾಂಪಿನಲ್ಲೇ ಬದಲಾಯಿಸಬಹುದು. ಹಿಂದಿನ ಕವರ್ ಬಿಚ್ಚುವ ಆಕ್ಸಲ್‌ಗಳಲ್ಲಿ ಇದು ಕನಸಿನ ಮಾತು. ಫೋರ್ಡ್ 9 ಇಂಚು 1957ರಿಂದ 1986ರವರೆಗೆ ಬಂದದ್ದು, ಪಿನಿಯನ್ನಿನ ತುದಿಗೂ ಒಂದು ಬೇರಿಂಗ್ ಆಸರೆ ಇದೆ, ಅದಕ್ಕೇ ಗಟ್ಟಿ. ಆದರೆ ಪಿನಿಯನ್ ತುಂಬ ಕೆಳಗೆ ಕೂತಿದೆ. ಎತ್ತರಿಸಿದ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಇಳಿಯುತ್ತದೆ, ಬಂಡೆಗೂ ಅದೇ ಮೊದಲು ತಾಗೋದು. ಹಲ್ಲುಗಳು ಜಾಸ್ತಿ ಉಜ್ಜುವುದರಿಂದ ಸ್ವಲ್ಪ ಶಕ್ತಿಯೂ ಬಿಸಿಯಾಗಿ ಹೋಗುತ್ತದೆ. ಟೊಯೋಟಾದ್ದು 30 ಸ್ಪ್ಲೈನ್, ಹಗುರ. ಇ-ಲಾಕರ್ ಇರುವ ಡಿಫ್ ಮಾಮೂಲಿ ಹೌಸಿಂಗಿಗೆ ನೇರವಾಗಿ ಕೂರಲ್ಲ, ಕೊಳ್ಳುವಾಗ ಗಮನ ಇರಲಿ.

ಡಾನಾ 60 ಮತ್ತು ಜಿಎಂನ 14 ಬೋಲ್ಟ್ (ಡಿಫ್ ಕವರಿನ ಬೋಲ್ಟ್ ಎಣಿಕೆಯಿಂದ ಬಂದ ಹೆಸರು). 60ರ ಕ್ರೌನ್ 9.75 ಇಂಚು, 14 ಬೋಲ್ಟಿನದ್ದು 10.5 ಇಂಚು. ಭಾರದ ಟ್ರಕ್ಕುಗಳಿಂದ ಬಂದದ್ದು, ಬಹುತೇಕ ಫುಲ್ ಫ್ಲೋಟ್. 37 ಇಂಚು, ಅದರ ಮೇಲಿನ ಟೈರಿಗೆ ಇವೇ ಸರಿ. ಹಳೇ 14 ಬೋಲ್ಟ್ ಅಗ್ಗಕ್ಕೂ ಸಿಗುತ್ತದೆ, ಮೂಲ ಶಾಫ್ಟ್ ಇಟ್ಟುಕೊಂಡೇ ಜನ ಹಿಂಡಿ ಹಿಪ್ಪೆ ಮಾಡುತ್ತಾರೆ. ಬೆಲೆ ತೆರೋದು ಬೇರೆ ಕಡೆ. ಡಿಫ್ ಇರುವ ನಡುಭಾಗ ಬಹಳ ಕೆಳಗೆ ಇಳಿದಿರುತ್ತದೆ, 35 ಇಂಚಿನ ಟೈರಿಗೆ ಹಾಕಿದರೆ ಗಳಿಸಿದ ಎತ್ತರ ಅಲ್ಲೇ ಹೋಯಿತು. ಕೆಳಭಾಗ ಕತ್ತರಿಸಿ ಪ್ಲೇಟ್ ಹಾಕಿಸುವವರೂ ಇದ್ದಾರೆ. ಚಕ್ರಕ್ಕೆ ಎಂಟು ಬೋಲ್ಟ್, ಹಾಗಾಗಿ ರಿಮ್ಮು ಬೇರೆ, ಮುಂದಿನ ಆಕ್ಸಲ್ ಬದಲಾಗುವವರೆಗೆ ಎರಡು ಥರದ ಸ್ಟೆಪ್ನಿ ಹೊರಬೇಕು. ಸ್ಪ್ರಿಂಗಿನ ಕೆಳಗಿನ ತೂಕ ಏರಿ ಹಗುರ ಗಾಡಿ ಉಬ್ಬು-ತಗ್ಗಿನಲ್ಲಿ ಕುಣಿಯಲು ಶುರು ಮಾಡುತ್ತದೆ. ಸಣ್ಣ ಎಂಜಿನ್ನಿನ ಜೀಪಿಗೆ ಇದನ್ನು ಹಾಕಿ ತೋರಿಸಿಕೊಳ್ಳೋದು ಒಂಥರಾ ಶೋಕಿ, ಅಷ್ಟೇ.

ಚಕ್ರದ ನಡುಬಿಂದುವಿಗಿಂತ ಮೇಲೆ ಕೂರುವ ಪೋರ್ಟಲ್ ಆಕ್ಸಲ್ ಬಗ್ಗೆ ಇಲ್ಲಿ ಬರೆಯಲ್ಲ. ಉನಿಮಾಗ್ ಟ್ರಕ್ ನೋಡಿ ಆಸೆ ಪಡಬಹುದು. ಖರ್ಚು, ಅಗಲ, ಸ್ಟೀರಿಂಗು, ಬ್ರೇಕು ಎಲ್ಲ ಸೇರಿ ಅದು ಬೇರೆಯೇ ಲೋಕ.

ಬಿಲ್ಲಿನಲ್ಲಿ ಕಾಣದ ಖರ್ಚು

ಗುಜರಿಯಲ್ಲಿ ಆಕ್ಸಲ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿ ಪಡುವ ಮೊದಲು ಈ ಪಟ್ಟಿ ಒಮ್ಮೆ ಮನಸ್ಸಿನಲ್ಲಿ ಓಡಿಸಿ. ಹಳೇ ಬ್ರಾಕೆಟ್ ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು, ಅದೂ ಪಿನಿಯನ್ ಕೋನ ನೋಡಿಕೊಂಡು. ಮಾಮೂಲಿ ಪ್ರೊಪೆಲ್ಲರ್ ಶಾಫ್ಟ್ ಆದರೆ ಎರಡೂ ತುದಿಯ ಯೂ-ಜಾಯಿಂಟ್ ಕೋನ ಸಮ ಇರಬೇಕು. ಮೇಲಿನ ತುದಿ ಜೋಡಿ ಜಾಯಿಂಟ್ ಇರುವ ಸಿವಿ ಶಾಫ್ಟ್ ಆದರೆ ಪಿನಿಯನ್ ಹೆಚ್ಚು ಕಡಿಮೆ ನೇರವಾಗಿ ಟ್ರಾನ್ಸ್‌ಫರ್ ಕೇಸನ್ನು ನೋಡುವಂತಿರಬೇಕು. ತಪ್ಪಿದರೆ ಗಾಡಿ ಪೂರ್ತಿ ನಡುಗುತ್ತದೆ. ಶಾಫ್ಟ್ ಉದ್ದ ಬದಲಾಗುತ್ತದೆ, ಯೂ-ಜಾಯಿಂಟ್ ಅಳತೆ ಹೊಂದದೆ ಕನ್ವರ್ಷನ್ ಜಾಯಿಂಟ್ ಬೇಕಾಗುತ್ತದೆ. ಬ್ರೇಕ್ ಪೈಪು, ಹ್ಯಾಂಡ್ ಬ್ರೇಕ್ ಕೇಬಲ್ಲು, ಎಬಿಎಸ್ ಸೆನ್ಸರ್ ರಿಂಗ್, ಸ್ಪೀಡೊಮೀಟರ್ ಸರಿಪಡಿಸೋದು, ಮುಂದಿನ ಆಕ್ಸಲ್‌ಗೆ ಅದೇ ಅನುಪಾತ. ಹಿಂದೆ ಡ್ರಮ್ ಇದ್ದು ಡಿಸ್ಕ್ ಆದರೆ ಬ್ರೇಕ್ ಹಂಚಿಕೆಯ ವಾಲ್ವ್ ನೋಡಿಸಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಗಾಡಿ ತಿರುಗಿಬಿಡಬಹುದು. ನೋಂದಣಿ, ವಿಮೆಗೆ ಈ ಬದಲಾವಣೆ ಒಪ್ಪಿಗೆಯಾ ಅಂತಲೂ ವಿಚಾರಿಸಿ.

ಗುಜರಿಯಲ್ಲಿ ನೋಡುವಾಗ ಕವರ್ ಬಿಚ್ಚಿಸದೆ ದುಡ್ಡು ಕೊಡಬೇಡಿ. ಪಿನಿಯನ್ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲುಗಿಸಿ, ಆಟ ಇರಬಾರದು. ಸಿ-ಕ್ಲಿಪ್ ಆಕ್ಸಲ್ ಆದರೆ ಶಾಫ್ಟ್ ಹೊರಗೆಳೆದು, ಹೊರ ತುದಿಯಲ್ಲಿ ಬೇರಿಂಗ್ ಓಡುವ ಜಾಗಕ್ಕೆ ಉಗುರು ಹಾಕಿ ಎಳೆಯಿರಿ. ಬೇರಿಂಗ್ ನೇರವಾಗಿ ಶಾಫ್ಟ್ ಮೇಲೇ ಉರುಳುವುದರಿಂದ ಸವೆತ ಇದ್ದರೆ ಉಗುರಿಗೆ ಗೀರು ಸಿಗುತ್ತದೆ. ಹಾಗಿದ್ದರೆ ಹೊಸ ಬೇರಿಂಗ್, ಸೀಲ್ ಹಾಕಿದರೂ ಸೋರೋದು ನಿಲ್ಲಲ್ಲ, ಶಾಫ್ಟೇ ಹೋಗಿದೆ.

ಯಾರಿಗೆ ಯಾವುದು

ದಿನಾ ಓಡಿಸುವ ಗಾಡಿ, 31 ಇಂಚಿನವರೆಗೆ, ಮಣ್ಣು-ಕೆಸರು: ಗೇರ್ ಮಾದರಿಯ ಲಿಮಿಟೆಡ್ ಸ್ಲಿಪ್, ಅಥವಾ ಕೈ ಬಿಗಿ ಇದ್ದರೆ ಲಂಚ್‌ಬಾಕ್ಸ್. 33 ಇಂಚು, ಆಕ್ಸಲ್ ಈಗಾಗಲೇ ಗಟ್ಟಿ ಜಾತಿಯದ್ದು, ರಸ್ತೆಯೂ ಬೇಕು ಬಂಡೆಯೂ ಬೇಕು ಅಂದರೆ ಗೇರು ಮತ್ತು ಏರ್ ಅಥವಾ ಇ-ಲಾಕರ್, ಸಾಧ್ಯವಾದರೆ ಕ್ರೋಮೋಲಿ ಶಾಫ್ಟ್. ಆಕ್ಸಲ್ ದುರ್ಬಲ ಜಾತಿಯದ್ದಾಗಿದ್ದು 33-35 ಗುರಿ ಇದ್ದರೆ ರಿಪೇರಿಗೆ ಹೋಗದೆ ನೇರ ಸ್ವಾಪ್. ಒಂಟಿಯಾಗಿ ದೂರದ ಪ್ರಯಾಣ, ಮೇಲೆ ಟೆಂಟು, ನೀರು, ಡೀಸೆಲ್ ಕ್ಯಾನು ಹೇರಿಕೊಂಡು ಹೋಗೋರು ಲಾಕರಿಗಿಂತ ಮೊದಲು ಫುಲ್ ಫ್ಲೋಟ್ ನೋಡಿ. ಲ್ಯಾಂಡ್ ಕ್ರೂಸರ್ 80ರ ಫುಲ್ ಫ್ಲೋಟ್ ಹಿಂಬದಿಯ ಆಕ್ಸಲ್ಲಿಗೆ ಅಂಥವರ ನಡುವೆ ಇರುವ ಮರ್ಯಾದೆ ಸುಮ್ಮನೆ ಬಂದದ್ದಲ್ಲ.

ದುಡ್ಡು ಒಟ್ಟಿಗೆ ಇಲ್ಲ, ಹಂತ ಹಂತವಾಗಿ ಮಾಡಬೇಕು ಅಂದರೂ ಗೇರು ಮತ್ತು ಲಾಕರನ್ನು ಬೇರೆ ಬೇರೆ ಮಾಡಬೇಡಿ. ಡಿಫ್ ಹೊಂದಿಸುವ ಕೂಲಿ ಎರಡು ಸಲ ಕೊಡಬೇಕಾಗುತ್ತದೆ. ಹೊಂದಿಸುವ ಮೆಕ್ಯಾನಿಕ್ ಬಳಿ ಸೂಕ್ಷ್ಮ ಅಳತೆಯ ಡಯಲ್ ಗೇಜ್ ಇದೆಯಾ ನೋಡಿ. ಹಲ್ಲುಗಳ ನಡುವಿನ ಆಟ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್, ಅದನ್ನು ಕೈಯಂದಾಜಿನಲ್ಲಿ ಹೇಳೋಕಾಗಲ್ಲ. ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ಕ್ರೌನನ್ನು ಸ್ವಲ್ಪ ತಡೆ ಕೊಟ್ಟು ತಿರುಗಿಸಿದಾಗ ಪಿನಿಯನ್ ಒರೆಸಿದ ಗುರುತು ಹಲ್ಲಿನ ಎತ್ತರದ ನಡುವೆ ಮೊಟ್ಟೆಯಾಕಾರದಲ್ಲಿ ಬೀಳಬೇಕು. ತುದಿಗೆ ಅಥವಾ ಬುಡಕ್ಕೆ ಸರಿದಿದ್ದರೆ ಪಿನಿಯನ್ ಶಿಮ್ (ಅಳತೆ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ ಮತ್ತೆ ಜೋಡಿಸಬೇಕು. ಇದರ ಫೋಟೊ ಕೇಳಿ, ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಲ್ಲ.

ಹೊಸ ಗೇರ್ ಹಾಕಿದ ದಿನವೇ ಕಾಡಿಗೆ ಹೋಗಬೇಡಿ. ಮೊದಲ ಓಟ 25-30 ಕಿಲೋಮೀಟರ್, ಹಗುರವಾಗಿ, ಆಮೇಲೆ ಪೂರ್ತಿ ತಣ್ಣಗಾಗಲು ಬಿಡಿ, ಹೀಗೆ ಒಂದೆರಡು ಸಲ. ಸುಮಾರು 800 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಾಯಿಸಿ. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಗಸಿ ಅಂಟಿದ್ದರೆ ಮಾಮೂಲು, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಹೊಸ ಆಯಿಲ್ ಸುರಿಯುವ ಮೊದಲೇ ಕವರ್ ಬಿಚ್ಚಿ ನೋಡಿ.